ಮೂರು ಉಂಗುರಗಳು ಎಲ್ಲಿ ಹೋದವು?

ಕಂಪನಿಗಳು ಲೋಗೋ ಬದಲಾಯಿಸೋದು ನಮಗೆ ಹೊಸದೇನಲ್ಲ. ಬ್ಯಾಂಕು, ವಿಮಾನ ಸಂಸ್ಥೆ, ಸೋಪಿನ ಕಂಪನಿ... ಹಬ್ಬಕ್ಕೆ ಮನೆಗೆ ಸುಣ್ಣ ಬಳಿಸಿದ ಹಾಗೆ ಆಗಾಗ ಹೊಸ ಬಣ್ಣ, ಹೊಸ ಅಕ್ಷರ. ಎರಡು ದಿನ "ಹಳೇದೇ ಚೆನ್ನಾಗಿತ್ತು" ಅಂತ ಗೊಣಗಿ, ಮೂರನೇ ದಿನ ಮರೆತುಬಿಡ್ತೀವಿ. ಆದರೆ ಒಂದು ಕಾಲೇಜಿನ, ಒಂದು ವಿಶ್ವವಿದ್ಯಾಲಯದ ಲಾಂಛನಕ್ಕೆ ಕೈ ಹಾಕಿ ನೋಡಿ! ಮೂವತ್ತು ವರ್ಷದ ಹಿಂದೆ ಓದು ಮುಗಿಸಿ, ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗದವರು ಎದ್ದು ಕೂತುಬಿಡ್ತಾರೆ.

ಅಮೆರಿಕದಲ್ಲಿ ಹಾಗೇ ಆಯ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಳೇ ಮುದ್ರೆಯಲ್ಲಿ ತೆರೆದ ಪುಸ್ತಕ ಇದೆ, ಬೆಳಕು ಇದೆ. 2012ರಲ್ಲಿ ಅವರು ಜಾಹೀರಾತು, ವೆಬ್‌ಸೈಟು ಮುಂತಾದವಕ್ಕೆ ಅಂತ ಒಂದು ಹೊಸ ಗುರುತು ತಂದರು. ಹಳೇ ಮುದ್ರೆಯನ್ನೇನೂ ತೆಗೆಯೋದಿಲ್ಲ, ಪದವಿ ಪತ್ರದಲ್ಲಿ ಅದು ಇದ್ದೇ ಇರುತ್ತೆ ಅಂತ ಹೇಳಿದರೂ ಯಾರೂ ಕೇಳಲಿಲ್ಲ. 50 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಡಿಸೆಂಬರ್ ಮಧ್ಯದ ಹೊತ್ತಿಗೆ ಹೊಸ ಗುರುತನ್ನು ವಾಪಸ್ ತಗೊಂಡಿದ್ದೂ ಆಯ್ತು. ಚಿತ್ರ ಅಷ್ಟು ಕೆಟ್ಟದಾಗಿತ್ತೇ? ಇರಲಿಕ್ಕಿಲ್ಲ. ಜನರ ಕಣ್ಣಿಗೆ ಅದು ಬಿದ್ದದ್ದು ಎಲ್ಲ ಮುಗಿದ ಮೇಲೆ. ಸಿಟ್ಟು ಬಂದದ್ದು ಅಲ್ಲೇ.

ಅದೇ ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜು ಡಿಸ್ಟ್ರಿಕ್ಟು ಅಂತ ಇನ್ನೊಂದು ವ್ಯವಸ್ಥೆ ಇದೆ. ನಮ್ಮವರು ತುಂಬಿಕೊಂಡಿರುವ ಕ್ಯೂಪರ್ಟಿನೋದ ಡಿ ಆನ್ಜಾ ಕಾಲೇಜು ಅಂಥದ್ದು. ಆಡಳಿತ ಮಂಡಳಿಯನ್ನು ಆ ಊರುಗಳ ಜನರೇ ವೋಟು ಹಾಕಿ ಆರಿಸ್ತಾರೆ, ಕಟ್ಟಡಕ್ಕೆ ಸಾಲ ಎತ್ತಬೇಕಾದರೂ ಅವರನ್ನೇ ಕೇಳಬೇಕು. ಇಂಥ ಕಡೆ ಲೋಗೋ ಬದಲಾಯಿಸಬೇಕು ಅಂದ್ರೆ ವಿದ್ಯಾರ್ಥಿಗಳನ್ನ ಕೇಳು, ಮೇಷ್ಟ್ರುಗಳನ್ನ ಕೇಳು, ಊರವರನ್ನ ಕೇಳು. ಇಷ್ಟೆಲ್ಲ ಕೇಳುತ್ತ ಹೋದರೆ ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಗುತ್ತೆ ಅಂತ ನಗುವವರೂ ಉಂಟು. ನನಗೂ ಸ್ವಲ್ಪ ನಗು ಬರುತ್ತಿತ್ತು, ಜುರಾಂಗ್ ವೆಸ್ಟಿಗೆ ಬಂದು ಇಲ್ಲಿನ ಒಂದು ಲಾಂಛನದ ಕಥೆ ತಿಳಿಯುವವರೆಗೆ.

ಜುರಾಂಗ್ ವೆಸ್ಟ್ ಅಂದ್ರೆ ಸಿಂಗಪುರದ ಪಶ್ಚಿಮದ ತುದಿ. ಪ್ರವಾಸಿಗಳು ಈ ಕಡೆ ಬರೋದು ಕಡಿಮೆ. ಕಾರ್ಖಾನೆ, ಎಚ್‌ಡಿಬಿ ಮನೆಗಳು, ಬೂನ್ ಲೇ ಬಸ್ ನಿಲ್ದಾಣ. ಅಲ್ಲಿಂದ 179 ಅಥವಾ 199 ನಂಬರಿನ ಬಸ್ಸು ಹತ್ತಿದರೆ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಎನ್‌ಟಿಯು ಸಿಗುತ್ತೆ. ಬೆಂಗಳೂರಿನಿಂದ ಎಂಟೆಕ್, ಪಿಎಚ್‌ಡಿ ಅಂತ ಬರುವ ನಮ್ಮ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತಿರುವ ಜಾಗ. ಆದರೆ ನಾನು ಹೇಳ ಹೊರಟಿದ್ದು ಬಸ್ಸು ಹೋಗುವ ಆ ಕ್ಯಾಂಪಸ್ಸಿನ ವಿಷಯ ಅಲ್ಲ. ಅದಕ್ಕೂ ಮುಂಚೆ, ಜುರಾಂಗ್ ವೆಸ್ಟ್ ಸ್ಟ್ರೀಟ್ 93ರಲ್ಲಿ, ವಸತಿ ಬ್ಲಾಕುಗಳ ಪಕ್ಕದಲ್ಲಿ ಒಂಟಿಯಾಗಿ ನಿಂತಿರುವ ಒಂದು ಕಮಾನಿದೆ. ಮೇಲೆ ಚೀನೀ ಶೈಲಿಯ ಹೆಂಚಿನ ಮಾಡು, ಅದರ ಕೆಳಗೆ ದೊಡ್ಡದಾಗಿ ನಾಲ್ಕು ಚೀನೀ ಅಕ್ಷರ. ಒಮ್ಮೆ ಊರಿಂದ ಬಂದಿದ್ದ ನಮ್ಮ ಮಾವನವರು ಸಂಜೆ ವಾಕಿಂಗಿನಲ್ಲಿ ಅದನ್ನು ನೋಡಿ ನಿಂತುಬಿಟ್ಟರು. ಸುತ್ತ ಒಂದು ಸಲ ಕಣ್ಣಾಡಿಸಿ, "ಅಲ್ಲಪ್ಪಾ, ಮಹಾದ್ವಾರ ಇದೆ, ದೇವಸ್ಥಾನ ಎಲ್ಲಿ?" ಅಂದರು. "ಮಾವ, ಇದು ದೇವಸ್ಥಾನದ್ದಲ್ಲ, ವಿಶ್ವವಿದ್ಯಾಲಯದ್ದು" ಅಂದೆ. "ಸರಿ, ಅದಾದರೂ ಎಲ್ಲಿ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ಯಾಕೆಂದರೆ ಕಮಾನಿಗೂ ಇಂದಿನ ಕ್ಯಾಂಪಸ್ಸಿಗೂ ನಡುವೆ ಎಕ್ಸ್‌ಪ್ರೆಸ್‌ವೇ ಇದೆ. ಅಕ್ಷರಗಳು ಹೇಳುವ ವಿಶ್ವವಿದ್ಯಾಲಯವಂತೂ 1980ರಲ್ಲೇ ಇಲ್ಲವಾಯ್ತು.

ಆ ಅಕ್ಷರಗಳನ್ನು ಬರೆದವರು ಯು ಯೌರೆನ್ ಎಂಬ ಹೆಸರಾಂತ ಚೀನೀ ಲಿಪಿಕಾರರು. ಓದಿದರೆ "ನಾನ್ಯಾಂಗ್ ದಾಶ್ವೆ" ಅಂತಾಗುತ್ತೆ. ನಾನ್ಯಾಂಗ್ ಅಂದ್ರೆ ದಕ್ಷಿಣ ಸಾಗರ. ಚೀನಾದಿಂದ ದಕ್ಷಿಣಕ್ಕೆ ಹಡಗು ಹತ್ತಿ ಬಂದವರು ಈ ಇಡೀ ಪ್ರದೇಶವನ್ನು ಹಾಗೆ ಕರೆಯುತ್ತಿದ್ದರು. ದಾಶ್ವೆ ಅಂದ್ರೆ ವಿಶ್ವವಿದ್ಯಾಲಯ. ಎರಡರ ಮೊದಲಕ್ಷರ ಸೇರಿಸಿ ಜನ ಪ್ರೀತಿಯಿಂದ "ನಾನ್‌ತಾ" ಅಂತ ಕರೆದರು.

ಇದು ಶುರುವಾದ ಕಥೆ ಕೇಳಿ. 1949ರಲ್ಲಿ ಸಿಂಗಪುರದಲ್ಲಿ ಮಲಯ ವಿಶ್ವವಿದ್ಯಾಲಯ ಸ್ಥಾಪನೆಯಾಯ್ತು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಚೀನೀ ಮಾಧ್ಯಮದ ಶಾಲೆಗಳಲ್ಲಿ ಓದಿದ ಸಾವಿರಾರು ಮಕ್ಕಳಿಗೆ ಅಲ್ಲಿ ಜಾಗ ಇಲ್ಲ. ಮುಂಚೆಯಾದರೆ ಚೀನಾಕ್ಕೆ ಹೋಗಿ ಓದಿ ಬರುತ್ತಿದ್ದರು. ಆದರೆ ಅದೇ 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಸರಕಾರ ಬಂತು. ಅಲ್ಲಿಗೆ ಓದಲು ಹೋದವರು ವಾಪಸ್ ಬರುವುದನ್ನು ಬ್ರಿಟಿಷರು ಕಷ್ಟ ಮಾಡಿದರು. ಇತ್ತ ದರಿ, ಅತ್ತ ಪುಲಿ. ಆಗ 1953ರ ಜನವರಿಯಲ್ಲಿ ಹೊಕ್ಕಿಯನ್ ಹುವಾಯ್ ಕುವಾನ್ ಎಂಬ ಸಮುದಾಯ ಸಂಘದ ಅಧ್ಯಕ್ಷ ಟಾನ್ ಲಾರ್ಕ್ ಸೈ, "ನಮ್ಮ ವಿಶ್ವವಿದ್ಯಾಲಯವನ್ನು ನಾವೇ ಕಟ್ಟಿಕೊಳ್ಳೋಣ" ಎಂಬ ಮಾತು ಎತ್ತಿದರು. ಈತ ಫುಜಿಯಾನ್ ಪ್ರಾಂತ್ಯದ ಹಳ್ಳಿಯಿಂದ ಬರಿಗೈಲಿ ಬಂದು ರಬ್ಬರಿನಲ್ಲಿ ದುಡ್ಡು ಮಾಡಿದ ಮನುಷ್ಯ. ತಾನೇ 50 ಲಕ್ಷ ಡಾಲರ್ ಕೊಡ್ತೀನಿ ಅಂದರು. ಸಂಘ ಜುರಾಂಗ್‌ನಲ್ಲಿದ್ದ 500 ಎಕರೆಗೂ ಹೆಚ್ಚು ಜಮೀನು ಕೊಟ್ಟಿತು. ಆಗ ಜುರಾಂಗ್ ಅಂದ್ರೆ ಗುಡ್ಡ, ಜೌಗು, ರಬ್ಬರ್ ತೋಟ. ವಸಾಹತು ಸರಕಾರಕ್ಕೆ ಇದು ಅಷ್ಟೇನೂ ಇಷ್ಟ ಇರಲಿಲ್ಲ. ಹಾಗಾಗಿ 1953ರ ಮೇನಲ್ಲಿ ವಿಶ್ವವಿದ್ಯಾಲಯ ನೋಂದಣಿಯಾದದ್ದು ಒಂದು ಲಿಮಿಟೆಡ್ ಕಂಪನಿಯಾಗಿ!

ಶ್ರೀಮಂತರು ಕೊಟ್ಟದ್ದು ಕಥೆಯ ಅರ್ಧ ಮಾತ್ರ. 1954ರಲ್ಲಿ ಸೈಕಲ್ ರಿಕ್ಷಾ ತುಳಿಯುವವರು, ಸಾವಿರಕ್ಕೂ ಹೆಚ್ಚು ಮಂದಿ, ಒಂದು ದಿನ ಇಡೀ ತುಳಿದು ಬಂದ ಬಾಡಿಗೆಯನ್ನು ಹಾಗೇ ತಂದು ನಾನ್‌ತಾ ನಿಧಿಗೆ ಹಾಕಿದರು. ಟ್ಯಾಕ್ಸಿಯವರು ಕೊಟ್ಟರು. ಕ್ಷೌರಿಕರು ಕೊಟ್ಟರು. ಬೀದಿಯಲ್ಲಿ ನೂಡಲ್ಸ್ ಮಾರುವವರು ಕೊಟ್ಟರು. ಕ್ಯಾಬರೆಗಳಲ್ಲಿ ಕುಣಿಯುವ ಹೆಣ್ಣುಮಕ್ಕಳು ಒಂದು ರಾತ್ರಿ ನಿಧಿಗಾಗಿ ಕುಣಿದು ದುಡ್ಡು ಕೊಟ್ಟರು. ಸಿಂಗಪುರ ಒಂದೇ ಅಲ್ಲ, ಮಲಯಾದ ಊರೂರುಗಳಿಂದ ಹಣ ಬಂತು. ಕೊಟ್ಟವರಲ್ಲಿ ಎಷ್ಟೋ ಜನ ಓದು ಬರಹ ಬಾರದವರು. ಮಗನೋ ಮೊಮ್ಮಗನೋ ಆ ಗುಡ್ಡ ಹತ್ತಿದರೆ ಸಾಕು ಅಂತ ಕೊಟ್ಟವರು.

ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಬೆಳಗಾವಿಯಲ್ಲಿ 1916ರ ನವೆಂಬರ್‌ನಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕೆಎಲ್ಇ ಸೊಸೈಟಿ ಶುರು ಮಾಡಿದ್ದು ಹೀಗೇ. ಇವತ್ತಿಗೂ ಅವರನ್ನು ಸಪ್ತರ್ಷಿಗಳು ಅಂತಾರೆ. ಸಿರಸಂಗಿಯ ಲಿಂಗರಾಜ ದೇಸಾಯರ ಹೆಸರು ಅಲ್ಲಿನ ಕಾಲೇಜಿಗೆ ಅಂಟಿಕೊಂಡಿದೆ. ಮನೆಮನೆಯಿಂದ ಮುಷ್ಟಿ ಅಕ್ಕಿ ಎತ್ತಿ ವಿದ್ಯಾರ್ಥಿ ನಿಲಯ ನಡೆಸಿದ ಊರುಗಳು ಕರ್ನಾಟಕದಲ್ಲಿ ಎಷ್ಟಿಲ್ಲ? ಆ ಅಕ್ಕಿ ತಿಂದು ಓದಿದವರು ಸಂಸ್ಥೆಯ ಬೋರ್ಡು ಕಂಡಾಗ ಕೈ ಮುಗಿಯುತ್ತಾರಲ್ಲ, ನಾನ್‌ತಾದವರದ್ದೂ ಅದೇ ಭಾವ.

ಮೊದಲ ಕುಲಪತಿಯಾಗಿ 1954ರಲ್ಲಿ ಬಂದವರು ಜಗತ್ಪ್ರಸಿದ್ಧ ಲೇಖಕ ಲಿನ್ ಯುಟಾಂಗ್. ಬಜೆಟ್ಟು, ಅಧಿಕಾರ ಅಂತ ಜಗಳವಾಗಿ 1955ರ ಏಪ್ರಿಲ್‌ನಲ್ಲಿ, ಒಂದು ತರಗತಿಯೂ ಶುರುವಾಗುವ ಮೊದಲೇ, ಬಿಟ್ಟು ಹೋದರು. (ದೊಡ್ಡ ಲೇಖಕರನ್ನು ಆಡಳಿತಕ್ಕೆ ಕೂರಿಸಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮಲ್ಲೂ ಉದಾಹರಣೆ ಸಿಗಬಹುದು, ಬಿಡಿ.) ಆದರೂ ಕೆಲಸ ನಿಲ್ಲಲಿಲ್ಲ. 1956ರ ಮಾರ್ಚ್‌ನಲ್ಲಿ ಪದವಿ ತರಗತಿಗಳು ಶುರುವಾದವು. 1958ರ ಮಾರ್ಚ್ 30ರಂದು ಗವರ್ನರ್ ವಿಲಿಯಂ ಗೂಡ್ ವಿಧ್ಯುಕ್ತ ಉದ್ಘಾಟನೆ ಮಾಡಿದರು. ಅವತ್ತು ಜುರಾಂಗ್ ರಸ್ತೆಯಲ್ಲಿ ಮೈಲುಗಟ್ಟಲೆ ವಾಹನ ನಿಂತುಹೋಯಿತು. ಜಾತ್ರೆ ಥರ ಜನ. ತಮ್ಮ ದುಡ್ಡಿನಲ್ಲಿ ಎದ್ದ ಕಟ್ಟಡ ನೋಡೋಕೆ ಬಂದವರು ಅವರು.

ಈಗ ಲಾಂಛನಕ್ಕೆ ಬರೋಣ. ನಾನ್‌ತಾದ ಲಾಂಛನದಲ್ಲಿ ಒಂದರೊಳಗೊಂದು ಸಿಕ್ಕಿಸಿಕೊಂಡ ಮೂರು ಉಂಗುರಗಳಿದ್ದವು, ನಡುವೆ ಒಂದು ನಕ್ಷತ್ರ. ಮೂರು ಉಂಗುರ ಅಂದ್ರೆ ಚೀನೀಯರು, ಮಲಯರು, ಭಾರತೀಯರು. ಈ ನಾಡಿನ ಮೂರು ದೊಡ್ಡ ಸಮುದಾಯಗಳು. ಇದನ್ನು ಮೊದಲ ಸಲ ತಿಳಿದಾಗ ನಾನು ನಿಜಕ್ಕೂ ಬೆರಗಾದೆ. ಚೀನೀಯರು ಚೀನೀ ಭಾಷೆಗಾಗಿ ತಮ್ಮ ದುಡ್ಡು ಹಾಕಿ ಕಟ್ಟಿಕೊಂಡ ವಿಶ್ವವಿದ್ಯಾಲಯ. ಗುರುತಿಗೆ ಒಂದು ಡ್ರ್ಯಾಗನ್ ಬರೆದುಕೊಂಡಿದ್ದರೆ ಬೇಡ ಅನ್ನುವವರು ಯಾರಿದ್ದರು? ಅವರು ಬರೆದುಕೊಂಡದ್ದು ಮೂರು ಉಂಗುರ. ಅದರಲ್ಲೊಂದು ರಬ್ಬರ್ ತೋಟಗಳಲ್ಲಿ ಹಾಲು ಇಳಿಸುತ್ತಿದ್ದ, ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಭಾರತೀಯರದ್ದು. ನಾವು ಈ ದೇಶದವರು, ಒಬ್ಬರೇ ಅಲ್ಲ ಅಂತ ಹೇಳುವ ರೀತಿ ಅದು. ಚೀನೀ ಅಂದರೆ ಕಮ್ಯುನಿಸ್ಟ್ ಅಂತ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಹಾಗೆ ಹೇಳುವ ಅಗತ್ಯವೂ ಇತ್ತು ಅನ್ನಿ.

ಆ ಅನುಮಾನ ನಾನ್‌ತಾವನ್ನು ಬಿಡಲೇ ಇಲ್ಲ. 1959ರಲ್ಲಿ ಪ್ರೆಸ್ಕಾಟ್ ಸಮಿತಿ ಬಂತು, ಪದವಿಗೆ ಮಾನ್ಯತೆ ಕೊಡುವ ಮಟ್ಟ ಇಲ್ಲ ಎಂದಿತು. ಮೊದಲ ತಂಡ ಓದು ಮುಗಿಸುವ ಹೊತ್ತಿಗೆ ಸರಿಯಾಗಿ ಈ ಮಾತು. ಕ್ಯಾಂಪಸ್ಸಿನಲ್ಲಿ ಎಡಪಂಥೀಯ ರಾಜಕೀಯವೂ ಜೋರಾಗಿತ್ತು. 1963ರ ಸೆಪ್ಟೆಂಬರ್ 21ರಂದು ಚುನಾವಣೆ ನಡೆಯಿತು. ಸರಕಾರದ ವಿರೋಧಿಗಳಾಗಿ ನಿಂತ ನಾನ್‌ತಾ ಪದವೀಧರರಿಗೆ ಟಾನ್ ಲಾರ್ಕ್ ಸೈ ಬೆಂಬಲ ಕೊಟ್ಟಿದ್ದರು. ಮಾರನೇ ದಿನವೇ ಅವರ ಪೌರತ್ವ ತೆಗೆಯುವ ಕ್ರಮ ಪ್ರಕಟವಾಯ್ತು. 1964ರಲ್ಲಿ ಅದು ಜಾರಿಗೂ ಬಂತು. 50 ಲಕ್ಷ ಕೊಟ್ಟು ವಿಶ್ವವಿದ್ಯಾಲಯ ಕಟ್ಟಿದ ಮನುಷ್ಯ ಯಾವ ದೇಶದವನೂ ಅಲ್ಲದೆ 1972ರಲ್ಲಿ ತೀರಿಕೊಂಡರು. ನಾನ್‌ತಾ ಪದವಿಗೆ ಸರಕಾರದ ಮಾನ್ಯತೆ ಸಿಕ್ಕಿದ್ದು 1968ರಲ್ಲಿ.

ಸರಕಾರದ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. 1965ರಲ್ಲಿ ಸ್ವತಂತ್ರವಾದ ಈ ಪುಟ್ಟ ದೇಶ ಹೊಟ್ಟೆ ಹೊರೆಯಲು ವಿದೇಶಿ ಕಂಪನಿಗಳನ್ನು ಕರೆಯಬೇಕಿತ್ತು. ಕಾರ್ಖಾನೆಗಳು ಇದೇ ಜುರಾಂಗ್‌ಗೆ ಬಂದವು. ಅವಕ್ಕೆ ಇಂಗ್ಲಿಷ್ ಬಲ್ಲವರು ಬೇಕು. ಅಪ್ಪ ಅಮ್ಮಂದಿರು ತಾವಾಗಿಯೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸತೊಡಗಿದರು. ಚೀನೀ ಶಾಲೆಗಳು ಬರಿದಾದವು, ನಾನ್‌ತಾಕ್ಕೆ ಬರುವ ಹುಡುಗರು ಕಡಿಮೆಯಾದರು. ಕನ್ನಡ ಶಾಲೆಗಳ ಇವತ್ತಿನ ಸ್ಥಿತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1975ರಲ್ಲಿ ನಾನ್‌ತಾದಲ್ಲೂ ಇಂಗ್ಲಿಷ್ ಮಾಧ್ಯಮ ಬಂತು. 1978ರಲ್ಲಿ ಸಿಂಗಪುರ ವಿಶ್ವವಿದ್ಯಾಲಯದ ಜೊತೆ ಒಂದೇ ಕಡೆ ಕೂತು ಓದುವ ಯೋಜನೆ ಬಂತು. ಕೊನೆಗೆ ಸರ್ ಫ್ರೆಡರಿಕ್ ಡೇಂಟನ್ ಎಂಬ ಬ್ರಿಟಿಷ್ ತಜ್ಞರು, ದೇಶಕ್ಕೆ ಒಂದೇ ಗಟ್ಟಿ ವಿಶ್ವವಿದ್ಯಾಲಯ ಸಾಕು ಅಂತ ಸಲಹೆ ಕೊಟ್ಟರು. 1980ರ ಆಗಸ್ಟ್‌ನಲ್ಲಿ ಎರಡೂ ಸೇರಿ ರಾಷ್ಟ್ರೀಯ ವಿಶ್ವವಿದ್ಯಾಲಯ, ಅಂದರೆ ಎನ್‌ಯುಎಸ್ ಆಯ್ತು. ಅದರ ಜಾಗ ಕೆಂಟ್ ರಿಡ್ಜ್. ಜುರಾಂಗ್‌ನ ಗುಡ್ಡ ಖಾಲಿ.

ಎರಡು ಮನೆ ಸೇರಿದ ಮೇಲೆ ಒಂದು ಹೊಸ ಗುರುತು ಬೇಕಲ್ಲ? ಮಾಡಿದರು. ಸಿಂಗಪುರ ವಿಶ್ವವಿದ್ಯಾಲಯದ ಕಡೆಯಿಂದ ಸಿಂಹ ಮತ್ತು ತೆರೆದ ಪುಸ್ತಕ, ನಾನ್‌ತಾದ ಕಡೆಯಿಂದ ಮೂರು ಉಂಗುರ. ಇವತ್ತು ಎನ್‌ಯುಎಸ್‌ನ ಕಿತ್ತಳೆ ನೀಲಿ ಲಾಂಛನ ನೋಡಿ, ಉಂಗುರಗಳು ಅಲ್ಲೇ ಇವೆ. ಹಿರಿಯರಿಗೆ ಮರ್ಯಾದೆ ಕೊಟ್ಟ ಹಾಗೇ ಆಯ್ತಲ್ಲ, ಇನ್ನೇನು ದೂರು ಅಂತ ನೀವು ಕೇಳಬಹುದು. ದೂರು ಅಲ್ಲ, ಒಂದು ಸಂಗತಿ ಅಷ್ಟೆ. ಎನ್‌ಯುಎಸ್ ತನ್ನ ಉಂಗುರಗಳಿಗೆ ಹೇಳುವ ಅರ್ಥ ಬೇರೆ. ಜ್ಞಾನವನ್ನು ಹುಟ್ಟಿಸುವುದು, ಹಂಚುವುದು, ಬಳಸುವುದು, ಈ ಮೂರರ ಗುರುತು ಅಂತೆ. ಒಳ್ಳೆಯ ಅರ್ಥವೇ. ಆದರೆ ಚೀನೀಯ, ಮಲಯ, ಭಾರತೀಯ ಅಲ್ಲಿ ಇಲ್ಲ. ಅಜ್ಜಿಯ ಬಳೆ ಕರಗಿಸಿ ಮೊಮ್ಮಗಳಿಗೆ ಸರ ಮಾಡಿಸಿದ ಹಾಗೆ. ಚಿನ್ನ ಅದೇ, ಒಡವೆ ಬೇರೆ.

ಇತ್ತ ಜುರಾಂಗ್‌ನ ಗುಡ್ಡದ ಮೇಲೆ 1981ರಲ್ಲಿ ನಾನ್ಯಾಂಗ್ ತಾಂತ್ರಿಕ ಸಂಸ್ಥೆ ಅಂತ ಒಂದು ಇಂಜಿನಿಯರಿಂಗ್ ಕಾಲೇಜು ಶುರುವಾಯ್ತು. 1991ರಲ್ಲಿ ಅದು ವಿಶ್ವವಿದ್ಯಾಲಯವಾಯ್ತು. ಅದೇ ಇವತ್ತಿನ ಎನ್‌ಟಿಯು. (ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ 1991ರಲ್ಲಿ. ಒಂದು ಭಾಷೆಗಾಗಿ ಕಟ್ಟಿದ ವಿಶ್ವವಿದ್ಯಾಲಯದ ಜಾಗದಲ್ಲಿ ಇಲ್ಲಿ ತಂತ್ರಜ್ಞಾನ ಬಂತು, ಅಲ್ಲಿ ಭಾಷೆಗಾಗಿಯೇ ಹೊಸದು ಬಂತು!) ಎನ್‌ಟಿಯು ಗುರಾಣಿಯಲ್ಲಿ ಸಿಂಹ ಇದೆ. ಉಂಗುರಗಳಿಲ್ಲ. ಅವು ಕೆಂಟ್ ರಿಡ್ಜಿಗೆ ಹೋಗಿಬಿಟ್ಟಿದ್ದವಲ್ಲ!

ಒಂದು ಮನೆ ಹಿಸ್ಸೆಯಾದಾಗ ಯಾರಿಗೆ ಏನು ಬಂತು ಅಂತ ಪಟ್ಟಿ ಮಾಡ್ತಾರಲ್ಲ, ಹಾಗೆ ನೋಡಿ. ನಾನ್ಯಾಂಗ್ ಎಂಬ ಹೆಸರು ಜುರಾಂಗ್‌ನಲ್ಲಿ ಉಳಿಯಿತು, ಉಂಗುರಗಳು ಕೆಂಟ್ ರಿಡ್ಜ್ ಪಾಲಾದವು. ಸುಮಾರು 12,000 ನಾನ್‌ತಾ ಪದವೀಧರರ ಹೆಸರಿನ ಪಟ್ಟಿ ಮೊದಲು ಎನ್‌ಯುಎಸ್‌ಗೆ ಹೋಗಿತ್ತು, 1996ರಲ್ಲಿ ಎನ್‌ಟಿಯುಗೆ ವಾಪಸ್ ಬಂತು. ಹಳೇ ಆಡಳಿತ ಕಟ್ಟಡದಲ್ಲಿ 1995ರಲ್ಲಿ ಚೈನೀಸ್ ಹೆರಿಟೇಜ್ ಸೆಂಟರ್ ಶುರುವಾಯ್ತು. ಆ ಕಟ್ಟಡ, ಕ್ಯಾಂಪಸ್ಸಿನ ಸ್ಮಾರಕ ಸ್ತಂಭ, ನಮ್ಮ ಸ್ಟ್ರೀಟ್ 93ರ ಕಮಾನು ಈ ಮೂರನ್ನೂ 1998ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಕಮಾನಿನ ಪ್ರತಿಕೃತಿಯೊಂದು ಕ್ಯಾಂಪಸ್ಸಿನ ಒಳಗೂ ಇದೆ. ಪದವಿ ಪ್ರದಾನದ ದಿನ ಹುಡುಗರು ಅದರ ಮುಂದೆ ಫೋಟೋ ತೆಗೆಸಿಕೊಳ್ತಾರೆ. ಅಸಲಿ ಮಾತ್ರ ಎಕ್ಸ್‌ಪ್ರೆಸ್‌ವೇ ಈಚೆ, ಎಚ್‌ಡಿಬಿ ಮನೆಗಳ ಬಾಲ್ಕನಿಯಲ್ಲಿ ಒಣಗುವ ಬಟ್ಟೆಗಳನ್ನು ನೋಡುತ್ತಾ ನಿಂತಿದೆ.

ಇಷ್ಟಾದ ಮೇಲೆ 2003ರಲ್ಲಿ ಒಂದು ಪ್ರಸ್ತಾಪ ಬಂತು. ಎನ್‌ಟಿಯು ಈಗ ಬರೀ ಇಂಜಿನಿಯರಿಂಗ್ ಅಲ್ಲ, ಎಲ್ಲ ವಿಷಯ ಕಲಿಸುವ ವಿಶ್ವವಿದ್ಯಾಲಯ ಆಗುತ್ತಿದೆ. ಹಾಗಾಗಿ ನಡುವಿನ "ತಾಂತ್ರಿಕ" ತೆಗೆದು "ನಾನ್ಯಾಂಗ್ ವಿಶ್ವವಿದ್ಯಾಲಯ" ಅಂತ ಮಾಡಿದರೆ ಹೇಗೆ? ಕೇಳೋಕೆ ಎಷ್ಟು ಸುಲಭ! ಒಂದು ಪದ ತೆಗೆಯೋದು. ಆದರೆ ಆ ಒಂದು ಪದ ತೆಗೆದರೆ ಉಳಿಯುವುದು ಕಮಾನಿನ ಮೇಲಿನ ಹೆಸರು. ಈ ಸಲ ಜನರ ಮಾತು ಕೇಳಿದರು. ಮಾತೂ ಬಂತು, ಎಲ್ಲ ದಿಕ್ಕಿನಿಂದಲೂ. ನಾನ್‌ತಾದ ಕೆಲವು ಹಳಬರು ಹೆಸರು ಮರಳಿ ಬರಲಿ, ನಾವು ಕಣ್ಣು ಮುಚ್ಚುವ ಮೊದಲು ನೋಡೋಣ ಅಂದರು. ಇನ್ನು ಕೆಲವು ಹಳಬರು, ಭಾಷೆ ಇಲ್ಲ, ಆ ಮನೋಧರ್ಮ ಇಲ್ಲ, ಬರೀ ಹೆಸರು ಇಟ್ಟುಕೊಂಡರೆ ಇದು ನಾನ್‌ತಾ ಆಗುತ್ತದೆಯೇ ಅಂದರು. ಎನ್‌ಟಿಯುನಲ್ಲೇ ಓದಿದ ಹೊಸಬರದ್ದು ಬೇರೆ ಚಿಂತೆ. ಜಗತ್ತಿಗೆ ಈಗಷ್ಟೇ ಪರಿಚಯವಾಗುತ್ತಿರುವ ಹೆಸರು, ನಮ್ಮ ಪದವಿ ಪತ್ರದ ಮೇಲಿರುವ ಹೆಸರು, ಅದನ್ನೇಕೆ ಕಳೆದುಕೊಳ್ಳಬೇಕು? 2004ರಲ್ಲಿ ಪ್ರಸ್ತಾಪವನ್ನು ಬದಿಗಿಟ್ಟರು.

ನಮ್ಮ ಬ್ಲಾಕಿನಲ್ಲಿ ನಾನ್‌ತಾದಲ್ಲಿ ಓದಿದ ಹಿರಿಯರೊಬ್ಬರಿದ್ದರು. ಇಲ್ಲಿನ ವಾಡಿಕೆಯಂತೆ ನಾವೆಲ್ಲ ಅಂಕಲ್ ಅಂತಿದ್ವಿ. ಕಾಫಿ ಅಂಗಡಿಯಲ್ಲಿ ಸಿಕ್ಕಾಗ ಒಮ್ಮೆ ಈ ವಿಷಯ ಎತ್ತಿದೆ. ಹೆಸರು ಬರಲಿ, ಬರದಿರಲಿ, ಮೊದಲ ಸಲ ನಮ್ಮನ್ನು ಕೇಳಿದರಲ್ಲ, ಅಷ್ಟು ಸಾಕು ಎಂಬ ಅರ್ಥದಲ್ಲಿ ಏನೋ ಹೇಳಿ, ಕಾಫಿಯ ಲೋಟದಲ್ಲಿ ಚಮಚ ತಿರುವುತ್ತಾ ಕೂತರು. ನಾನೂ ಮುಂದೆ ಕೇಳಲಿಲ್ಲ.

ಇದೇ ಮಾತನ್ನು ನಮ್ಮ ನಾಡಿಗೆ ಹಚ್ಚಿ ನೋಡಿ. ಹಳದಿ ಕೆಂಪು ಬಾವುಟ ನಮಗೆ ಕೊಟ್ಟವರು ಮ. ರಾಮಮೂರ್ತಿ, 1960ರ ದಶಕದಲ್ಲಿ. ಯಾವ ಸರಕಾರಿ ಆದೇಶವೂ ಅದನ್ನು ಮನೆಮನೆಗೆ ಮುಟ್ಟಿಸಲಿಲ್ಲ. ಆಟೋದವರು, ಅಭಿಮಾನಿ ಸಂಘದವರು, ಬಸ್ ಸ್ಟ್ಯಾಂಡಿನ ಹೂವಿನವರು ಮುಟ್ಟಿಸಿದರು. 2017ರಲ್ಲಿ ರಾಜ್ಯ ಸರಕಾರ ನಾಡಧ್ವಜಕ್ಕೆ ಅಂತ ಒಂದು ಸಮಿತಿ ಮಾಡಿತು. 2018ರ ಮಾರ್ಚ್ 8ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ಧ್ವಜವನ್ನು ಬಿಡುಗಡೆ ಮಾಡಿದರು. ಹಳದಿ, ಬಿಳಿ, ಕೆಂಪು, ನಡುವೆ ರಾಜ್ಯ ಲಾಂಛನ. ಕನ್ನಡ ಸಂಘಟನೆಗಳನ್ನು ಕರೆದು ಮಾತಾಡಿಯೇ ಮಾಡಿದ್ದು. ಆದರೂ ನಡುವೆ ಬಿಳಿ ಬಂದದ್ದು ಎಷ್ಟೋ ಜನಕ್ಕೆ ಒಗ್ಗಲಿಲ್ಲ. ಕೇಂದ್ರದ ಒಪ್ಪಿಗೆಯೂ ಸಿಗಲಿಲ್ಲ. ನವೆಂಬರ್ ಒಂದರಂದು ಬೀದಿಬೀದಿಯಲ್ಲಿ ಹಾರುವುದು ಹಳೇ ಎರಡು ಬಣ್ಣವೇ. ಇಲ್ಲಿ ಸಿಂಗಪುರದಲ್ಲಿ ನಾವು ಹೆಗಲಿಗೆ ಹಾಕಿಕೊಳ್ಳುವ ಶಾಲಿನಲ್ಲೂ ಅವೇ ಎರಡು.

ಇದಕ್ಕೆ ಎದುರಾಗಿ ಗಂಡಭೇರುಂಡವನ್ನು ತಗೊಳ್ಳಿ. ಅದು ಮೈಸೂರು ಅರಸರ ಗುರುತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಲಾಂಛನಕ್ಕೂ ಆ ಹಕ್ಕಿಯೇ ಬಂತು. ಯಾರನ್ನೂ ಕೇಳುವ ಕಾಲ ಅದಾಗಿರಲಿಲ್ಲ. ಅರಸೊತ್ತಿಗೆ ಹೋಯ್ತು, ರಾಜ್ಯ ಒಂದಾಯ್ತು, 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಎಂಬ ಹೆಸರು ಬಂತು. ಹಕ್ಕಿ ಮಾತ್ರ ಹಾಗೇ ಇದೆ. ಮೇಲೆ ಅಶೋಕನ ಸಿಂಹಗಳು ಬಂದು ಕೂತವು, ಕೆಳಗೆ ಸತ್ಯಮೇವ ಜಯತೇ ಬಂತು, ಅಷ್ಟೆ. ಮೇಲಿನಿಂದ ಇಳಿದು ಬಂದದ್ದಾದರೂ ಇವತ್ತು ಅದು ಜನರದ್ದೇ. ಅಂದರೆ, ಕೇಳಿ ಮಾಡಿದ್ದೆಲ್ಲ ಉಳಿಯುತ್ತೆ, ಕೇಳದೆ ಮಾಡಿದ್ದೆಲ್ಲ ಬೀಳುತ್ತೆ ಅಂತ ಸುಲಭದ ಲೆಕ್ಕ ಇಲ್ಲ. ಹಕ್ಕಿ ಉಳಿದದ್ದು ಅದರಿಂದ ಯಾರದ್ದನ್ನೂ ಕಿತ್ತುಕೊಳ್ಳಲಿಲ್ಲವಾದ್ದರಿಂದ. ಬಾವುಟದ ವಿಷಯ ಬೇರೆ. ಅಲ್ಲಿ ಜನ ಆಗಲೇ ತಮ್ಮದು ಮಾಡಿಕೊಂಡಿದ್ದರ ನಡುವೆ ಒಂದು ಪಟ್ಟಿ ಸೇರಿಸಿದರು.

ಹಾಗಾಗಿ ಈಗ ಯಾವುದಾದರೂ ಕಾಲೇಜು ತನ್ನ ಲಾಂಛನ ಬದಲಿಸುತ್ತೇವೆ, ನಿಮ್ಮ ಅಭಿಪ್ರಾಯ ಕೊಡಿ ಅಂತ ಕೇಳಿದರೆ ನನಗೆ ನಗು ಬರೋದಿಲ್ಲ. ಆದರೆ ಮೂರು ಚಿತ್ರ ಮುಂದಿಟ್ಟು "ಇದರಲ್ಲಿ ಯಾವುದು ಚೆನ್ನಾಗಿದೆ?" ಅಂತ ಕೇಳಿದರೆ ಅದು ಕೇಳಿದ ಹಾಗಲ್ಲ. ಸೀರೆ ಅಂಗಡಿಯಲ್ಲೂ ಹಾಗೆ ಕೇಳ್ತಾರೆ. ಮೊದಲು ಕೇಳಬೇಕಾದ್ದು, ಇದನ್ನು ಯಾರು ಕಟ್ಟಿದರು, ಹಳೇ ಗುರುತಿನಲ್ಲಿ ಯಾರ ಪಾಲು ಇದೆ, ಹೊಸದರಲ್ಲಿ ಅದು ಎಲ್ಲಿ ಹೋಗುತ್ತೆ ಅಂತ. ನಾನ್‌ತಾದ ಉಂಗುರಗಳನ್ನು ಯಾರೂ ಬಿಸಾಡಲಿಲ್ಲ. ಗೌರವವಾಗಿ ಎತ್ತಿಟ್ಟುಕೊಂಡರು. ಹಾಗೆ ಎತ್ತಿಡುವಾಗ ಅರ್ಥ ಮಾತ್ರ ಜಾರಿಬಿತ್ತು. ಬಿದ್ದದ್ದನ್ನು ನೋಡಿದವರು ಅಂಕಲ್ ಥರದ ಕೆಲವು ಸಾವಿರ ಜನ. ಅವರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಈಗ ಮಕ್ಕಳನ್ನು ಇಲ್ಲಿ ಓದಿಸುತ್ತಿರುವ ಕನ್ನಡದವರಿಗೆ ನನ್ನದೊಂದು ಮಾತು. ಎನ್‌ಯುಎಸ್‌ಗೆ ಸೀಟು ಸಿಕ್ಕಿ, ಮಗ ಅಥವಾ ಮಗಳು ಆ ಟೀ ಶರ್ಟು ತಂದು ತೋರಿಸಿದಾಗ, ಉಂಗುರಗಳ ಮೇಲೆ ಬೆರಳಿಟ್ಟು ಎಣಿಸಿ ತೋರಿಸಿ. ಒಂದು ಚೀನೀಯರದ್ದು, ಒಂದು ಮಲಯರದ್ದು, ಮೂರನೆಯದು ನಮ್ಮದು, ಅದನ್ನು ಬರೆಸಿದ್ದು ರಿಕ್ಷಾ ತುಳಿದವರ ದುಡ್ಡು ಅಂತ ಹೇಳಿ. ಗೂಗಲ್ಲಿನಲ್ಲಿ ನೋಡಿದರೆ ಬೇರೆ ಅರ್ಥ ಬರುತ್ತಲ್ಲಪ್ಪಾ ಅಂತ ಅವರು ಅಂದರೆ, ಹೌದು, ಅದೂ ಇದೆ, ಇದೂ ಇತ್ತು ಅನ್ನಿ.